ಕಸದ ಬೆಂಕಿಗೆ ಲೋಹದ ಅಂಗಿ

ಕಳೆದ ಭಾನುವಾರ ಇಳಕಲ್ಲಿನಲ್ಲಿ ಒಬ್ಬ ಎಂಜಿನಿಯರ್ ನಮ್ಮೆಲ್ಲರ ಕಣ್ಣೆದುರೇ ಪೇಂಟರ್ ಆದಳು. ಮಾಡಿದವರು ಸನ್ಮಾನ ಸಮಿತಿಯ ಅಧ್ಯಕ್ಷರು. ನಮ್ಮೂರ ಹೆಮ್ಮೆಯ ಮಗಳು ಪವರ್ ಪ್ಲಾಂಟಿಗೆ ಬಣ್ಣ ಹಚ್ಚುತ್ತಾಳೆ ಎಂದು ಮೈಕಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು. (ಚಪ್ಪಾಳೆಗೆ ಕಾರಣ ಕೇಳುವ ಜನ ನಾವಲ್ಲ.)

ಆ ಮಗಳು ರುಖ್ಸಾನಾ, ನನ್ನ ಗೆಳೆಯ ಮೆಹಬೂಬನ ತಂಗಿ. ದೂರದ ಊರಲ್ಲಿ ಕಸ ಸುಟ್ಟು ಕರೆಂಟ್ ತೆಗೆಯುವ ಪ್ಲಾಂಟಿನಲ್ಲಿ ಎಂಜಿನಿಯರ್. ರಜೆಗೆ ಅಣ್ಣನ ಮನೆಗೆ ಬಂದವಳನ್ನು ಅಧ್ಯಕ್ಷರು ಬಿಡಲಿಲ್ಲ. ಹುನಗುಂದದ ದಾರಿಯಲ್ಲಿ ಅಂಥದ್ದೇ ಪ್ಲಾಂಟ್ ತರಿಸುತ್ತೇನೆಂದು, ಚುನಾವಣೆಗೆ ನಿಲ್ಲಲಿರುವ ಅವರು ಓಡಾಡುತ್ತಿದ್ದಾರೆ. ಹಾಗಾಗಿ ಒಂದು ಶಾಲು, ಒಂದು ಹಾರ, ಅವಳ ಬಾಯಿಂದ ಕೆಲವು ಒಳ್ಳೆಯ ಮಾತು. ಒಳ್ಳೆಯ ಮಾತೆಂದರೆ ಅಧ್ಯಕ್ಷರಿಗೆ ಒಳ್ಳೆಯದಾಗುವ ಮಾತು. ಅಷ್ಟು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ರುಖ್ಸಾನಾ ಮೊದಲು ಬಣ್ಣದ ವಿಷಯ ಸರಿಪಡಿಸಿದಳು. ಕಸ ಉರಿಯುವ ಬಾಯ್ಲರಿನಲ್ಲಿ ಉಕ್ಕಿನ ಪೈಪುಗಳು, ಅವುಗಳೊಳಗೆ ನೀರು ಮತ್ತು ಹಬೆ. ಪ್ಲಾಸ್ಟಿಕ್ಕಿನ ಕ್ಲೋರಿನ್ನು, ಊಟದ ಉಪ್ಪು ಆ ಕಾವಿನಲ್ಲಿ ಪೈಪಿಗೆ ಅಂಟಿ ಉಕ್ಕನ್ನೇ ತಿನ್ನುತ್ತವೆ. ಅದಕ್ಕೇ ಪ್ಲಾಂಟ್ ನಿಲ್ಲಿಸಿದಾಗ ಪೈಪು ಉಜ್ಜಿ, ನಿಕ್ಕಲ್-ಕ್ರೋಮಿಯಂ ಲೋಹ ಕರಗಿಸಿ ಅದರ ಮೇಲೆ ಸಿಂಪಡಿಸುತ್ತಾರೆ. ಪೈಪಿಗೊಂದು ತೆಳ್ಳನೆಯ ಲೋಹದ ಅಂಗಿ. ತೊಡಿಸುವುದು ಅವಳ ಕೆಲಸ.

ಅಧ್ಯಕ್ಷರಿಗೆ ಖುಷಿಯೋ ಖುಷಿ. ಹಾಗಿದ್ದರೆ ಎಂಥ ಕಸ ಹಾಕಿದರೂ ನಡೆಯುತ್ತದಲ್ಲ ಎಂದರು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಎಂದು ಮನೆಮನೆಗೆ ಹೋಗಿ ಹೇಳಿದರೆ ವೋಟು ಬೀಳುತ್ತವೆಯೇ?

"ಹಂಗಲ್ರಿ. ಆ ಲೋಹನೂ ಸವೀತೈತ್ರಿ," ಅಂದಳು ರುಖ್ಸಾನಾ.

"ಮತ್ತ ಇನ್ನಷ್ಟು ದಪ್ಪ ಬಡೀರಿ."

"ಭಾಳ ದಪ್ಪ ಆದ್ರ ಬಿರುಕು ಬಿಟ್ಟು ಕಳಚತೈತ್ರಿ."

ಆಮೇಲೆ ಅವಳು ಸಿದ್ದಪ್ಪನ ವಿಷಯ ತೆಗೆದಳು. ಬಾದಾಮಿಯವನು, ಅದೇ ಪ್ಲಾಂಟಿನಲ್ಲಿ ಆಪರೇಟರ್. ಒಂದು ಪೈಪಿನ ಲೇಪನ ಕಳಚಿದೆ, ನಿಲ್ಲಿಸಿ ಎಂದು ಇವಳು ಹೇಳಿದ್ದಳು. ಮೇಲಿನವರು ಇನ್ನಷ್ಟು ದಿನ ತಳ್ಳೋಣ ಎಂದರು. ತಳ್ಳಿದರು. ಬೆಂಕಿ ನೋಡುವ ಕಿಂಡಿಯ ಮುಂದೆ ಸಿದ್ದಪ್ಪ ನಿಂತಿದ್ದಾಗಲೇ ಪೈಪು ಒಡೆಯಿತು. ಹಬೆ ಅವನ ಬಲಗೈ ಬೇಯಿಸಿತು. ಜೀವ ಉಳಿದಿದೆ. ರೊಟ್ಟಿ ಮುರಿಯಲು ಮಾತ್ರ ಹೆಂಡತಿ ಬೇಕು.

"ಮುಂಜಾನಿ ಬಾದಾಮಿಗೆ ಹೋಗಿ ನೋಡ್ಕೊಂಡು ಬಂದೇನ್ರಿ. ಅವನ ಕೈಬಟ್ಟು ಮಡಚಾಕ ಬರವಲ್ದು," ಅಂದಳು.

ಅಲ್ಲಿಗೆ ಮುಗಿಸಬಹುದಿತ್ತು. ಅವಳು ಹಿಂದಕ್ಕೆ ತಿರುಗಿ ವೇದಿಕೆಯ ಫ್ಲೆಕ್ಸ್ ನೋಡಿದಳು. ಅದರಲ್ಲಿ ಅವಳ ಫೋಟೊ ಅಂಗೈಯಷ್ಟು, ಅಧ್ಯಕ್ಷರದು ಆಳೆತ್ತರ. "ಪೈಪ್ ತಿನ್ನೂದು ಇಂಥಾ ಪ್ಲಾಸ್ಟಿಕ್ಕ ನೋಡ್ರಿ. ಇದನ್ನ ಕಸದಾಗ ಹಾಕಬ್ಯಾಡ್ರಿ."

ಅಧ್ಯಕ್ಷರು ಅವಸರದಿಂದ ಶಾಲು ಹೊದಿಸಿ ಊಟ ರೆಡಿ ಇದೆ ಎಂದು ಘೋಷಿಸಿದರು. (ನಮ್ಮಲ್ಲಿ ಯಾವ ಕಠಿಣ ಪ್ರಶ್ನೆಗೂ ಇದೇ ಉತ್ತರ.) ಪಂಕ್ತಿಯಲ್ಲಿ ರುಖ್ಸಾನಾ ನನ್ನ ಪಕ್ಕವೇ ಕೂತಿದ್ದಳು. ಎಲೆ ಮುಟ್ಟಲಿಲ್ಲ.

"ಅವತ್ತೂ ಹೇಳಿದ್ನಿ, ಯಾರೂ ಕೇಳ್ಲಿಲ್ಲ. ಇವ್ರಾದ್ರೂ ಕೇಳ್ತಾರೇನ್ರಿ?"

ಕೇಳುತ್ತಾರೆ ಎಂದೆ. ಇನ್ನೇನು ಹೇಳಲಿ?

ನಿಜಕ್ಕೂ ಕೇಳಿಸಿಕೊಂಡಿದ್ದಾರೆ! ಮೊನ್ನೆ ಅಧ್ಯಕ್ಷರ ಫೋನ್ ಬಂತು. ಆ ಹುಡುಗಿಯ ಮಾತು ಮನಸ್ಸಿಗೆ ನಾಟಿತಂತೆ, ರಾತ್ರಿ ನಿದ್ದೆಯೇ ಬರಲಿಲ್ಲವಂತೆ. ಕಸದಲ್ಲಿ ಫ್ಲೆಕ್ಸ್ ಹಾಕಬೇಡಿ ಎಂದು ಇಳಕಲ್ ಬಸ್ ಸ್ಟ್ಯಾಂಡಿನಿಂದ ಬಾಗಲಕೋಟೆಯವರೆಗೆ ಜಾಗೃತಿ ಮೂಡಿಸುತ್ತಾರಂತೆ. ಹೇಗೆ? ದಾರಿಯುದ್ದಕ್ಕೂ ಫ್ಲೆಕ್ಸ್ ಕಟ್ಟಿಸಿ. ನೀವು ಪತ್ರಿಕೆಗೆ ಬರೆಯುವವರು, ಒಂದು ಘೋಷಣೆ ಬರೆದುಕೊಡಿ, ಆದರೆ ಚಿಕ್ಕದಿರಲಿ, ಫೋಟೊಗೆ ಜಾಗ ಬೇಕು ಎಂದರು.

ನೀವಾಗಿದ್ದರೆ ಏನು ಬರೆದುಕೊಡುತ್ತಿದ್ದಿರಿ?