ನಾನೂರು ಬಿಸ್ಕತ್ತು, ಹಗುರ ಕೈ

ಬೆಳಗಿನ ಐದೂವರೆ. ಬಿಸ್ಕತ್ತಿನ ಅಕ್ಕ ಮೊಟ್ಟೆಯ ಬಿಳಿಯನ್ನು ನೊರೆಗಟ್ಟಿಸಿದ ಬೋಗುಣಿಯನ್ನು ಎತ್ತಿ, ತಮ್ಮ ತಲೆಯ ಮೇಲೇ ಬೋರಲು ಹಿಡಿಯುತ್ತಾರೆ. ಒಂದು ಹನಿಯೂ ಬೀಳುವುದಿಲ್ಲ. "ಬಿದ್ರೆ ನಂಗೆ ಸ್ನಾನ, ಬೀಳ್ದಿದ್ರೆ ಬಿಸ್ಕತ್ತು," ಎಂದು ನಗುತ್ತಾರೆ.

ಮೊಟ್ಟೆಯ ಹಳದಿ, ಹಿಟ್ಟು ಮೆಲ್ಲಗೆ ಸೇರುತ್ತವೆ. ಕೈ ಭಾರವಾದರೆ ನೊರೆಯ ಗಾಳಿಯೆಲ್ಲ ಹೋದಂತೆಯೇ. ನಾಲ್ಕು ನಾಲ್ಕು ಮೊಟ್ಟೆಯಂತೆ ಹತ್ತು ಸಲ ಕಲಸಿದರೆ ದಿನಕ್ಕೆ ನಾನೂರು ಬಿಸ್ಕತ್ತು. ಬೆರಳುದ್ದ, ಹತ್ತಿಯಷ್ಟು ಹಗುರ. ಮೂಲೆಯ ದೊಡ್ಡ ಹೋಟೆಲಿನಲ್ಲಿ ಇವನ್ನು ಕಾಫಿಯಲ್ಲಿ ಅದ್ದಿ, ಕೆನೆಯ ನಡುವೆ ಪದರ ಪದರವಾಗಿ ಜೋಡಿಸಿ ತಿರಾಮಿಸು ಎಂಬ ಇಟಲಿಯ ಸಿಹಿತಿಂಡಿ ಮಾಡುತ್ತಾರೆ.

ಅದೇ ಹೋಟೆಲಿನಲ್ಲಿ ಅಕ್ಕ ಒಂಬತ್ತು ವರ್ಷ ಪಾತ್ರೆ ತೊಳೆದವರು. ಒಮ್ಮೆ ಪೊಟ್ಟಣದ ಬಿಸ್ಕತ್ತುಗಳು ಪುಡಿಪುಡಿಯಾಗಿ ಬಂದು, ಮುಖ್ಯ ಬಾಣಸಿಗರು ತಲೆಯ ಮೇಲೆ ಕೈಹೊತ್ತು ಕೂತರು. "ನಾ ಮಾಡ್ಲಾ ಸಾರ್?" ಎಂದು ಸಿಂಕಿನ ಕಡೆಯಿಂದ ದನಿ ಬಂದಾಗ ಎಲ್ಲರೂ ನಕ್ಕರಂತೆ. "ಅವ್ರು ಕೇಕಿಗೆ ಮೊಟ್ಟೆ ನೊರೆ ಮಾಡೋದನ್ನ ದಿನಾ ನೋಡ್ತಿದ್ನಲ್ಲ, ಕಣ್ಣಿಗೇನು ಸಂಬಳ ಬೇಕಾ?" ಎನ್ನುತ್ತಾರೆ ಅಕ್ಕ. ಆ ದಿನ ಉಬ್ಬಿದ ಬಿಸ್ಕತ್ತು ಅವರ ಕೆಲಸವನ್ನೇ ಬದಲಿಸಿತು; ಪಾತ್ರೆ ಬಿಟ್ಟು, ಮನೆಯಲ್ಲೇ ಬಿಸ್ಕತ್ತು ಮಾಡಿ ಹೋಟೆಲಿಗೆ ಕೊಡತೊಡಗಿದರು.

ಕಳೆದ ವರ್ಷ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿಯಿತು. ಕೈತಪ್ಪಿದರೆ ಕೆಲಸ ಮತ್ತೆ ಸಿಗುತ್ತದೆಂಬ ಭರವಸೆ ಇರಲಿಲ್ಲ. ಆಗ ಕಲಸಿದ ಹಿಟ್ಟನ್ನು ತಟ್ಟೆಗೆ ಹಿಂಡುವ ಚೀಲ ಹಿಡಿದವರು ಟೈಲರ್ ಗಂಡ. ಅಕ್ಕ ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟರು. ಮೊದಲ ತಟ್ಟೆ ಚಪ್ಪಟೆ. "ಇದನ್ನ ಚಪ್ಪಲಿಗೆ ಅಟ್ಟೆ ಹಾಕಿಸ್ಬಹುದು ಕಣ್ರೀ," ಎಂದರಂತೆ. ಮೂರನೆಯದು ಉಬ್ಬಿತು. ಏಳು ವಾರ ಹೋಟೆಲಿಗೆ ಬಿಸ್ಕತ್ತು ಒಂದು ದಿನವೂ ತಪ್ಪಲಿಲ್ಲ.

"ಬಾಣಸಿಗರು ಫೋನ್ ಮಾಡಿ, 'ಏನಕ್ಕಾ, ಈಗೀಗ ಎಲ್ಲಾ ಒಂದೇ ಅಳತೆ ಬರ್ತಿದೆ!' ಅಂದ್ರು. ನಂಗೆ ಒಂಚೂರು ಹೊಟ್ಟೆ ಉರೀತು," ಅಕ್ಕ ಒಪ್ಪಿಕೊಳ್ಳುತ್ತಾರೆ. ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಟೈಲರ್ ಕೈ ಅಲ್ವಾ," ಎನ್ನುತ್ತಾರೆ.

ಕೈ ಕೂಡಿದ ಮೇಲೆ ಇಬ್ಬರೂ ಮೊದಲ ಸಲ ಆ ಹೋಟೆಲಿಗೆ ಗಿರಾಕಿಗಳಾಗಿ ಹೋದರು. ಪಕ್ಕದ ಮೇಜಿನ ಅಜ್ಜಿಯೊಬ್ಬರು ತಿರಾಮಿಸು ತಿಂದು, ಅತ್ತಿತ್ತ ನೋಡಿ, ತಟ್ಟೆಯನ್ನು ಬೆರಳಲ್ಲೇ ಬಳಿದು ನೆಕ್ಕಿದರು. "ಅದ್ರ ಬಿಸ್ಕತ್ತು ಇವಳೇ ಮಾಡಿದ್ದು ಅಂತ ಹೇಳೋಕೆ ಎದ್ದೆ. ಶರ್ಟ್ ಹಿಡಿದು ಕೂರಿಸಿದ್ಲು," ಎನ್ನುತ್ತಾರೆ ಗಂಡ.

"ಮತ್ತೇನು? ನೋಡಿದ್ವಿ ಅಂತ ಗೊತ್ತಾಗಿದ್ರೆ ಪಾಪ, ನಾಚ್ಕೊಂಡು ಬಳಿಯೋದನ್ನ ಅರ್ಧಕ್ಕೇ ಬಿಡ್ತಿದ್ರು," ಎನ್ನುತ್ತಾರೆ ಅಕ್ಕ.