ನಾನು ಮನೆಯಲ್ಲಿಲ್ಲ ಎಂದು ಸಮನ್ಸಿಗೆ ಹೇಳಿದ್ದು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುವುದು ಮುಗಿಸಿ ಕೈ ತೊಳೆಯುತ್ತಿದ್ದೆ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ, ನನ್ನ ಮನೆ ಬಾಗಿಲಿಗೆ ಕೋರ್ಟಿನ ಸಮನ್ಸ್ ಬಂತು.

ತಂದವನಿಗೆ ನಗು ತಡೆಯಲು ಆಗುತ್ತಿರಲಿಲ್ಲ.

ಅವನ ಹಿಂದೆ ಒಂದು ದಂಡು. ಬಿಳಿ ಅಂಗಿ, ಕರಿ ಪ್ಯಾಂಟು, ಬೆನ್ನಿಗೆ ಬ್ಯಾಗು. ಎಲ್ಲರೂ ಲಾ ಓದುವ ಮಕ್ಕಳು. ದಂಡಿನ ಹಿಂದೆ, ಎದುರು ಮನೆ ಕಟ್ಟೆಯ ನೆರಳಿನಲ್ಲಿ, ಅವರಿಗೆ ಪಾಠ ಹೇಳುವ ಶಂಭು ಮಾಸ್ತರ.

ನೀವು ಗಾಬರಿಯಾಗಬೇಡಿ. ಕೇಸು ಸುಳ್ಳು. ಪಾಠ ಮಾತ್ರ ಖರೆ.

ಈ ಶಂಭು ಮಾಸ್ತರ ಕೋರ್ಟಿನಲ್ಲಿ ವಕೀಲ, ಕೋರ್ಟು ಬಿಟ್ಟ ಹೊತ್ತಿನಲ್ಲಿ ಕಾಲೇಜಿನಲ್ಲಿ ಮಾಸ್ತರ. ದಿನಾ ಊಟಕ್ಕೆ ನನ್ನ ಮನೆಯ ರೊಟ್ಟಿ. ಮಕ್ಕಳಿಗೆ ಅವರು ಕಲಿಸುವುದು ಸಿಪಿಸಿ. ಅಂದರೆ ಮನೆ, ಹೊಲ, ಪಾಲು ಅಂತ ಬರುವ ದಿವಾಣಿ ಕೇಸು ಹೇಗೆ ನಡೆಸಬೇಕು ಅನ್ನುವ ಕಾನೂನು. ಯಾರು ಯಾರಿಗೆ ಯಾವ ಕಾಗದ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು, ಕೊಡದಿದ್ದರೆ ಏನು. (ನ್ಯಾಯ ಅಲ್ಲ ಅದು, ನ್ಯಾಯಕ್ಕೆ ಹೋಗುವ ದಾರಿ. ದಾರಿ ತಪ್ಪಿದವನಿಗೆ ಊರು ಎಲ್ಲಿದ್ದರೆ ಏನು ಬಂತು?)

ಒಂದು ದಿನ ರೊಟ್ಟಿ ಮುರಿಯುತ್ತಾ ಮಾಸ್ತರ ಹಣೆ ಹಣೆ ಬಡಿದುಕೊಂಡರು. "ಅವ್ವಾರ, ಕೊಲೆ ಕೇಸಿನ ಪಾಠ ಅಂದ್ರ ಕಣ್ಣ ಪಿಳುಕಿಸದ ಕೇಳ್ತಾರ. ಸಮನ್ಸ್ ಅಂದ್ನೆಪ್ಪಾ ಅಂದ್ರ ಇಡೀ ಕ್ಲಾಸಿಗೆ ನಿದ್ದಿ ಬರ್ತೈತಿ."

ನಿದ್ದೆ ಬರದೆ ಇನ್ನೇನು? ನಾನು ನಾಲ್ಕನೇ ಇಯತ್ತೆ ತನಕ ಹೋದವಳು. ಪಾಠದಲ್ಲಿ ನಿದ್ದೆ ಮಾಡಿದ ಅನುಭವ ನನಗೂ ಇದೆ. ಪುಸ್ತಕ ಮುಚ್ಚಿಸಿ ಅವರನ್ನು ನನ್ನ ಮನೆಗೆ ಕರೆದುಕೊಂಡು ಬನ್ನಿ, ನನಗೇ ಸಮನ್ಸ್ ಕೊಡಲಿ, ಆಗ ನಿದ್ದೆ ಹೇಗೆ ಬರುತ್ತದೆ ನೋಡೋಣ ಅಂದೆ. ಮಾಸ್ತರ ಒಪ್ಪಿದರು. ನನಗೆ ಇಷ್ಟೇ ಹೇಳಿದರು: ಕೋರ್ಟಿನ ಬೇಲಿಫ್ ಕಾಗದ ತರುತ್ತಾನೆ, ಖರೇ ಕಾಗದ ಬಂದರೆ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿರಿ.

ಅದನ್ನೇ ಮಾಡಿದೆ.

ಬೇಲಿಫ್ ಆಗಿದ್ದ ಹುಡುಗ ಪುಸ್ತಕದ ಕನ್ನಡದಲ್ಲಿ ಕೇಳಿದ, ಪ್ರತಿವಾದಿ ಗಿರಿಜವ್ವ ಎಂಬುವರು ತಾವೇ ಏನು ಅಂತ.

"ಗಿರಿಜವ್ವ ಮನ್ಯಾಗ ಇಲ್ಲ" ಅಂದೆ.

"ಮತ್ತ ನೀವು?"

"ನಾನೂ ಇಲ್ಲ."

ಬಾಗಿಲು ಹಾಕಿಕೊಂಡೆ. ದಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ನಗಿಸಲು ಮಾಡಿದ್ದಲ್ಲ ಸ್ವಾಮಿ. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಕೋರ್ಟಿನ ಕಾಗದ ಕೈಯಲ್ಲಿ ಹಿಡಿದರೆ ಕೇಸು ಮೈಗೆ ಹತ್ತುತ್ತದೆ, ಹಿಡಿಯದಿದ್ದರೆ ಬಂದ ದಾರಿಗೆ ವಾಪಸು ಹೋಗುತ್ತದೆ. ಹಾಗಂತ ನಮ್ಮವ್ವ ಹೇಳಿದ್ದಳು, ಅವಳಿಗೆ ಅವರವ್ವ. ಬೇಲಿಫ್ ಮುಂಬಾಗಿಲಿಗೆ ಬಂದರೆ ಯಜಮಾನ ಹಿತ್ತಲ ಬಾಗಿಲಿನಿಂದ ಹೊಲಕ್ಕೆ. ಹಾಗಂತ ಬಂದವನಿಗೆ ಅಪಮಾನ ಮಾಡುವುದಿಲ್ಲ. ಕೂಡಿಸಿ ಚಹಾ ಕೊಡುತ್ತೇವೆ, ಮಜ್ಜಿಗೆ ಕೊಡುತ್ತೇವೆ. ಕಾಗದ ಮಾತ್ರ ಮುಟ್ಟುವುದಿಲ್ಲ. (ನಾನೂ ಕಿಟಕಿಯಿಂದ ಚಹಾ ಬೇಕೇನು ಅಂತ ಕೇಳಿದೆ. ಹೆಣ್ಣುಮಕ್ಕಳು ಬೇಕು ಅಂದವು.)

ಮುಂದೇನು ಮಾಡುತ್ತೀರಿ ಅಂತ ಮಾಸ್ತರ ಕಟ್ಟೆಯಿಂದಲೇ ಕೇಳಿದರು. ಒಬ್ಬ, ನಾಳೆ ಬರೋಣ ಸರ್ ಅಂದ. ಇನ್ನೊಬ್ಬ, ಪೊಲೀಸರನ್ನು ಕರೆಯೋಣ ಅಂದ. ಮತ್ತೊಬ್ಬ, ಇವರು ಸಿಗುವುದಿಲ್ಲ, ಕೇಸು ಕ್ಲೋಸ್ ಮಾಡೋಣ ಅಂದ. ಅವನೇ ಜಾಣ ಅನ್ನಿಸಿತು ನನಗೆ.

ಬಾಗಿಲಿಗೆ ಅಂಟಿಸಿರಿ ಅಂದರು ಮಾಸ್ತರ.

ಅಂಟು ಯಾರೂ ತಂದಿರಲಿಲ್ಲ. ಬುಟ್ಟಿಯಲ್ಲಿದ್ದ ಜೋಳದ ಹಿಟ್ಟು ಕುದಿಸಿ ಗಂಜಿ ಮಾಡಿ ನಾನೇ ಕಿಟಕಿಯಿಂದ ಕೊಟ್ಟೆ. ನನ್ನ ಬಾಗಿಲಿಗೆ, ನನ್ನ ಮೇಲಿನ ಕೇಸಿನ ಕಾಗದ, ನನ್ನದೇ ಹಿಟ್ಟಿನಲ್ಲಿ ಅಂಟಿತು. ಮನೆ ತೋರಿಸಿದವರು ಯಾರು ಅಂತ ವರದಿಯಲ್ಲಿ ಬರೆಯಬೇಕಂತೆ. ಪಕ್ಕದ ಮನೆ ನೀಲವ್ವನ ಹೆಸರು ಕೇಳಿದರು. ಅವಳು, ಈ ಮನೆ ಯಾರದೋ ನನಗೆ ಗೊತ್ತಿಲ್ಲ ಅಂದಳು. ನಲವತ್ತು ವರ್ಷದ ನೆರೆ!

ಆಮೇಲೆ ಮಾಸ್ತರ ಪಾಠದ ದನಿಯಲ್ಲಿ ಹೇಳಿದರು: ಈಗ ಗಿರಿಜವ್ವಾರಿಗೆ ಸಮನ್ಸ್ ಜಾರಿ ಆಯಿತು. ಬೇಲಿಫ್ ಹೀಗೆ ಆಯಿತು ಅಂತ ವರದಿ ಕೊಟ್ಟು ಕೋರ್ಟು ಅದನ್ನು ಒಪ್ಪಿದರೆ ಮುಗಿಯಿತು. ತಾರೀಖಿಗೆ ಬರದಿದ್ದರೆ ಇವರನ್ನು ಎಕ್ಸ್‌ಪಾರ್ಟಿ ಅಂತ ಬರೆದು, ಇವರಿಲ್ಲದೆಯೇ ಕೇಸು ನಡೆಯುತ್ತದೆ. ಎದುರಿನವರು ಹೇಳಿದ್ದಷ್ಟೇ ಜಡ್ಜ್ ಸಾಹೇಬರ ಕಿವಿಗೆ ಬೀಳುತ್ತದೆ.

ನನಗೆ ಸಿಟ್ಟು ಬಂತು. ಬಾಗಿಲು ತೆಗೆದು ಹೊರಗೆ ಬಂದೆ. ನಾನು ಕಾಗದ ಹಿಡಿದೇ ಇಲ್ಲ, ಜಾರಿ ಹೇಗಾಯಿತು ಅಂತ ಕೇಳಿದೆ.

"ಬ್ಯಾಡ ಅಂದ್ರಿ ಅಂದ್ರ, ಬಂದೈತಿ ಅಂತ ಗೊತ್ತಾದಂಗ ಆತಲ್ಲರಿ ಅವ್ವಾರ" ಅಂದರು ಮಾಸ್ತರ.

ಮಕ್ಕಳು ಈ ಸಲ ನಿದ್ದೆ ಮಾಡಲಿಲ್ಲ. ಚಹಾ ಕುಡಿದು, ಮಂಡಕ್ಕಿ ತಿಂದು ಹೋದವು. ಒಬ್ಬಳು ಮಾತ್ರ ಏಳಲಿಲ್ಲ. ವರದಿ ಬರೆಯುವ ಕೆಲಸ ಅವಳದೇ ಆಗಿತ್ತು, ಒಂದು ಸಾಲೂ ಬರೆದಿರಲಿಲ್ಲ. ಹೆಸರು ರೇಣುಕಾ, ಊರು ಬ್ಯಾಡಗಿ. ಹುಷಾರಿಲ್ಲವೇನೇ ಅಂತ ಕೇಳಿದೆ.

"ಆಯಿ, ನಮ್ಮವ್ವನೂ ಹಿಂಗ ಮಾಡ್ಯಾಳ" ಅಂದಳು.

ಕಥೆ ಇಷ್ಟು. ರೇಣುಕಾಳ ಅಪ್ಪ ಇಲ್ಲ. ಅವ್ವ ಶಾಂತವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಾಳೆ. ಇರುವುದು ಎರಡು ಕೋಣೆಯ ಮನೆ, ಗಂಡ ಬಿಟ್ಟು ಹೋದದ್ದು. ಗಂಡನ ಅಣ್ಣ, ಆ ಮನೆ ನನ್ನದು, ಇವಳು ಬಿಟ್ಟುಕೊಡಬೇಕು ಅಂತ ಕೇಸು ಹಾಕಿದ್ದಾನೆ. ಬೇಲಿಫ್ ಬಂದಾಗ ಶಾಂತವ್ವ ಕಾಗದ ಬೇಡ ಅಂದು ಬಾಗಿಲು ಹಾಕಿಕೊಂಡಳು. ಅವನು ಬಾಗಿಲಿಗೆ ಅಂಟಿಸಿ ಹೋದ. ಅವಳು ಕಿತ್ತು ಒಲೆಗೆ ಹಾಕಿದಳು. ರೇಣುಕಾ ಅವತ್ತು ಮನೆಯಲ್ಲೇ ಇದ್ದಳು. ಅವ್ವನ ಜೊತೆ ಅವಳೂ ಬಾಗಿಲು ಒತ್ತಿ ಹಿಡಿದಿದ್ದಳು.

ಪುಸ್ತಕದಲ್ಲಿ ಓದಿದ್ದೂ ಮನೆ ಬಾಗಿಲಿಗೆ ಬಂದದ್ದೂ ಒಂದೇ ಅಂತ ಹುಡುಗಿಗೆ ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ನಿಮ್ಮ ಮನೆಗೆ ಬಂದ ಜ್ವರವನ್ನು ನೀವು ಮೊದಲ ದಿನವೇ ಗುರುತಿಸಿದ್ದೀರೇನು?

ಎಲ್ಲ ಕೇಳಿಸಿಕೊಂಡ ಮಾಸ್ತರ ಮೊಬೈಲ್ ತೆಗೆದು ಕೇಸಿನ ಸ್ಥಿತಿ ನೋಡಿದರು. ಮುಖ ಸಣ್ಣದಾಯಿತು. ಶಾಂತವ್ವನನ್ನು ಎಕ್ಸ್‌ಪಾರ್ಟಿ ಅಂತ ಬರೆದು ಆಗಿತ್ತು. ತೀರ್ಪು ಮಾತ್ರ ಆಗಿರಲಿಲ್ಲ. ತಾರೀಖು ನಾಡಿದ್ದು. ಅವತ್ತು ಅವಳು ಖುದ್ದಾಗಿ ಬಂದು, ಬರದೇ ಇದ್ದುದಕ್ಕೆ ಕಾರಣ ಹೇಳಿದರೆ, ಸಾಹೇಬರು ಒಪ್ಪಿದರೆ, ಕೇಸಿನಲ್ಲಿ ಒಳಗೆ ಬರಬಹುದು. ಬರದಿದ್ದರೆ ಮನೆ ಹೋಗುವ ದಾರಿ ಹಿಡಿದಂತೆ. ಅರ್ಜಿ ನಾನು ಬರೆಯುತ್ತೇನೆ, ಅವ್ವನನ್ನು ಕರೆದುಕೊಂಡು ಬಾ ಅಂದರು.

ರೇಣುಕಾ ಅವತ್ತೇ ಊರಿಗೆ ಹೋದಳು. ಮರುದಿನ ಮಧ್ಯಾಹ್ನ ಮುಖ ಊದಿಸಿಕೊಂಡು ನನ್ನ ಮನೆಗೆ ಬಂದಳು. ಅವ್ವ ಒಪ್ಪಲಿಲ್ಲ. ಕಾಗದ ಹಿಡಿದಿಲ್ಲ, ಕೇಸೂ ಇಲ್ಲ ಅಂತ ಒಂದೇ ಹಟ. ನೀನು ಏನು ಹೇಳಿದೆ ಅಂತ ಕೇಳಿದೆ. ಇಂಥ ಆರ್ಡರ್, ಇಂಥ ರೂಲ್ ಅಂತ ನಂಬರ್ ಹೇಳಿದೆ ಅಂದಳು. ಮೆಣಸಿನಕಾಯಿ ಮುರಿದು ಬಂದು ಕೈ ಉರಿಯುತ್ತಿರುವ ಹೆಂಗಸಿಗೆ ರೂಲ್ ನಂಬರ್!

ಸಂಜೆ ಬಸ್ಸಿಗೆ ನಾನೇ ಅವಳ ಜೊತೆ ಬ್ಯಾಡಗಿಗೆ ಹೋದೆ.

ಶಾಂತವ್ವ ಕೈಗೆ ಎಣ್ಣೆ ಸವರಿಕೊಂಡು ಕೂತಿದ್ದಳು. ನಾನು ಕಾನೂನು ಎತ್ತಲಿಲ್ಲ. ನನ್ನ ಬಾಗಿಲಿಗೂ ಅಂಟಿಸಿದ್ದಾರೆ ನೋಡು ಅಂದೆ. ಹಿಟ್ಟಿನ ಗಂಜಿ ಕಥೆ ಕೇಳಿ ಸ್ವಲ್ಪ ನಕ್ಕಳು. ನಕ್ಕ ಮೇಲೆ ಕೇಳಿದೆ, ನೀನು ಯಾಕೆ ಬೇಡ ಅಂದೆ ಅಂತ. ನನ್ನ ಹಾಗೆ ಅಜ್ಜಿ ಕಾಲದ ಮಾತು ನಂಬಿದ್ದಾಳೆ ಅಂದುಕೊಂಡಿದ್ದೆ.

"ಜಗಳ ಬ್ಯಾಡ ಅಂದ್ನಿ" ಅಂದಳು.

ಎಣ್ಣೆಯ ಕೈ ಒರೆಸಿಕೊಂಡು ತಾನೇ ಮುಂದುವರಿಸಿದಳು. "ಬಾವ್ನೋರ ಮುಂದ ನಿಂತು ಇವತ್ತಿನ ತನಕ ಒಂದ ಮಾತ ಆಡಿಲ್ಲರಿ ನಾ. ಅವರು ಅಂಗಳಕ್ಕ ಬಂದ್ರ ನಾ ಒಳಗ ಹೋಗಾಕಿ. ಇವರು ತೀರಿದಾಗೂ ಬಾಗಲ ಹಿಂದ ನಿಂತ ಅತ್ತೇನಿ. ಈಗ ಕೋರ್ಟಿನ್ಯಾಗ ಎದುರಾಎದುರ ನಿಂತು, ಇದು ನನ್ನ ಮನಿ ಅಂತ ಅವರಿಗೆ ಹೆಂಗ ಅನ್ನಲಿ?"

ರೇಣುಕಾ ತಲೆ ಎತ್ತಿ ಅವ್ವನನ್ನು ನೋಡಿದಳು. ಹೆತ್ತ ಮಗಳಿಗೂ ಗೊತ್ತಿರಲಿಲ್ಲ ಇದು.

ನೋಡಿರಿ, ಬೇಲಿಫ್ ತನ್ನ ವರದಿಯಲ್ಲಿ ಬರೆದದ್ದು, ಪ್ರತಿವಾದಿ ಸಮನ್ಸ್ ಪಡೆಯಲು ನಿರಾಕರಿಸಿದರು ಅಂತ. ಅವನ ತಪ್ಪೇನು? ಕಂಡದ್ದು ಬರೆದ. ಕೋರ್ಟಿನ ತಪ್ಪೇನು? ಬರೆದದ್ದು ಓದಿತು. ಆದರೆ ಬಾಗಿಲ ಹಿಂದೆ ನಿಂತವಳು ನಿರಾಕರಿಸಿದ್ದು ಏನನ್ನು? ಅದನ್ನು ಬರೆಯಲು ಆ ವರದಿಯಲ್ಲಿ ಜಾಗ ಇಲ್ಲ.

ಮಾಸ್ತರರಿಗೆ ಫೋನ್ ಹಚ್ಚಿಸಿದೆ, ಸ್ಪೀಕರ್ ಮೇಲೆ. ಕೋರ್ಟಿನಲ್ಲಿ ಇವಳು ಬಾವನ ಜೊತೆ ಮಾತಾಡಬೇಕೇನು ಅಂತ ಕೇಳಿದೆ. ಇಷ್ಟು ವರ್ಷದ ಪಾಠದಲ್ಲಿ ಈ ಪ್ರಶ್ನೆ ಅವರಿಗೆ ಯಾರೂ ಕೇಳಿರಲಿಕ್ಕಿಲ್ಲ.

"ಇಲ್ಲರಿ" ಅಂದರು. "ಅಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮಾತಾಡೂಹಂಗ ಇಲ್ಲ. ಏನಿದ್ರೂ ಸಾಹೇಬರಿಗೆ ಹೇಳೂದು. ಅದನ್ನೂ ಹೆಚ್ಚಾಗಿ ನಾನ ಹೇಳ್ತೇನಿ."

ಶಾಂತವ್ವ ಫೋನಿನ ಕಡೆ ಬಗ್ಗಿದಳು. "ಮಾರಿ ನೋಡಬೇಕೇನ್ರಿ?"

"ಬ್ಯಾಡ್ರಿ. ಸಾಹೇಬರ ಕಡೆ ನೋಡ್ರಿ."

"ಸೆರಗು ಹೊತ್ತಗೊಂಡು ನಿಂತ್ರ ನಡಿತೈತಿ?"

"ಸೆರಗು ಹೊರಬಾರದು ಅಂತ ಯಾವ ಕಲಮೂ ಇಲ್ಲರಿ ಅಕ್ಕಾರ."

ಇಷ್ಟು ದಿನ ತಾರೀಖಿಗೆ ಬಾರದ್ದಕ್ಕೆ ಅರ್ಜಿಯಲ್ಲಿ ಏನು ಕಾರಣ ಬರೆಯುತ್ತೀರಿ ಅಂತ ನಾನು ಕೇಳಿದೆ. ಬಾವನ ಎದುರು ಮಾತಾಡುವುದಿಲ್ಲ ಅಂದರೆ ಕಾನೂನು ಒಪ್ಪುವುದು ಕಷ್ಟ ಅಂದರು. ಹಾಗಾದರೆ ಅಂಜಿಕೆ ಅಂತ ಬರೆಯಿರಿ, ಅದು ಸುಳ್ಳಲ್ಲ ಅಂದೆ.

ಶಾಂತವ್ವ ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. "ನೋಡೂಣು" ಅಂದಳು. ನಮ್ಮ ಕಡೆ ನೋಡೂಣು ಅಂದರೆ ಏನು ಅಂತ ಹೇಳುವ ಡಿಕ್ಷನರಿ ಇನ್ನೂ ಬಂದಿಲ್ಲ. ಊಟ ಮಾಡಿ ಅಲ್ಲೇ ಮಲಗಿದೆ.

ಕೇಸು ಏನಾಯಿತು ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ, ಇನ್ನೂ ನಡೆದಿದೆ. ದಿವಾಣಿ ಕೇಸು ಅಷ್ಟು ಲಗೂ ಮುಗಿದರೆ ಮಾಸ್ತರ ಪಾಠ ಯಾತರದು ಮಾಡಬೇಕು? ಶಾಂತವ್ವ ಅದೇ ಮನೆಯಲ್ಲಿ ಇದ್ದಾಳೆ. ತಾರೀಖಿಗೆ ಅವಳೂ ಬಾವನೂ ಒಂದೇ ಬೆಂಚಿನ ಎರಡು ತುದಿಗೆ ಕೂಡುತ್ತಾರೆ. ಮಾತಿಲ್ಲ. ರೇಣುಕಾ ಹಾವೇರಿಯಲ್ಲಿ ಒಬ್ಬ ವಕೀಲರ ಕೈಕೆಳಗೆ ಜೂನಿಯರ್. ಮಾಸ್ತರ ಪ್ರತಿ ವರ್ಷ ಹೊಸ ದಂಡು ಕಟ್ಟಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಕಾಗದ ಅಂಟಿಸುವ ಮೊದಲು ಈಗ ಒಬ್ಬರು ಕಿಟಕಿಗೆ ಬಂದು, ಯಾಕ ಬ್ಯಾಡ ಆಯಿ, ಅಂತ ಕೇಳಬೇಕು. ಅದಕ್ಕೆ ಮಾರ್ಕ್ಸ್ ಇಲ್ಲವಂತೆ. ಆದರೂ ಕೇಳಿಸುತ್ತಾರೆ. ನಾನು ಪ್ರತಿ ವರ್ಷ ಬೇರೆ ಬೇರೆ ಕಾರಣ ಹೇಳುತ್ತೇನೆ.

ಬ್ಯಾಡಗಿಯಲ್ಲಿ ಮಲಗಿದ ಆ ರಾತ್ರಿಯ ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಶಾಂತವ್ವ ಇಳಕಲ್ ಸೀರೆ ಉಟ್ಟು, ಸೆರಗು ಮೂಗಿನ ತನಕ ಎಳೆದುಕೊಂಡು ಹೊಸ್ತಿಲ ಹೊರಗೆ ನಿಂತಿದ್ದಳು. ಕೋರ್ಟಿನಲ್ಲಿ ಬಾವ ನಮಗಿಂತ ಮುಂಚೆ ಬಂದು ಕೂತಿದ್ದ. ಅವನನ್ನು ಕಂಡವಳೇ ನನ್ನ ಬೆನ್ನ ಹಿಂದೆ ಸರಿದಳು. ಮಾಸ್ತರ ಎದ್ದು ಅರ್ಜಿ ಕೊಟ್ಟರು. ಸಾಹೇಬರು ಓದಿ, ಪ್ರತಿವಾದಿ ಬಂದಿದ್ದಾರಾ ಅಂತ ಕೇಳಿದರು. ಶಾಂತವ್ವ ಹಿಂದಿನಿಂದ ನನ್ನ ಸೆರಗು ಬಿಗಿಯಾಗಿ ಹಿಡಿದುಕೊಂಡಳು.

ಅವಳ ರಟ್ಟೆ ಹಿಡಿದು ಮುಂದಕ್ಕೆ ನಿಲ್ಲಿಸಿ, ಮನೆಯಲ್ಲಿ ಇದ್ದೂ ಇಲ್ಲ ಅಂದಿದ್ದ ಇದೇ ಬಾಯಿಂದ ನಾನು ಇಡೀ ಕೋರ್ಟಿಗೆ ಕೇಳುವಂತೆ ಹೇಳಿದೆ: "ಬಂದಾಳ್ರೀ."