ಕ್ವಾರ್ಟರ್‌ಬ್ಯಾಕ್ ಬ್ರಾಂಚಿಗೆ ಎಷ್ಟು ಸೀಟು?

ಫುಟ್‌ಬಾಲ್ ಎಂದರೆ ಏನು ಎನ್ನುವುದು ಮೈಸೂರಿನಲ್ಲಿ ಇರುವವರೆಗೂ ನನಗೆ ಗೊತ್ತಿತ್ತು. ದುಂಡಗಿನ ಚೆಂಡು, ಕಾಲಿನಿಂದ ಒದೆಯುವುದು, ಕೈ ತಾಗಿದರೆ ತಪ್ಪು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ಜ್ಞಾನವೂ ಹೋಯಿತು. ಸಿಡ್ನಿಯ ನನ್ನ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಫುಟ್‌ಬಾಲ್ ಎಂದರೆ ರಗ್ಬಿ. ಮುಂದೆ ಮೆಲ್ಬರ್ನ್‌ಗೆ ಹೋದಾಗ ಅಲ್ಲಿ ಅದೇ ಹೆಸರಿನಲ್ಲಿ ಬೇರೊಂದು ಆಟ, ಮೈದಾನದ ಒಂದೊಂದು ತುದಿಗೆ ನಾಲ್ಕು ನಾಲ್ಕು ಕಂಬ. ಇವೆಲ್ಲ ಸಾಲದೆಂದು ನನ್ನ ಮಗ ಅಮೆರಿಕದವರ ಆಟವೊಂದನ್ನು ಹಿಡಿದುಕೊಂಡು ಬಂದ. ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು, ಆದರೂ ಹೆಸರು ಮಾತ್ರ ಫುಟ್‌ಬಾಲ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಇಂಥ ಅವ್ಯವಸ್ಥೆ ಕಂಡರೆ ಮೈಯೆಲ್ಲ ಉರಿಯುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು ಇದು. ನಾವು ಚಾಟ್ಸ್‌ವುಡ್ ಪಕ್ಕದಲ್ಲಿ ರೆಂಟಿಗೆ ಇದ್ದೆವು. ನಮ್ಮ ಯಜಮಾನರು ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಇಂಜಿನಿಯರ್. ಮಗ ಸ್ಕೂಲಿನ ಕೊನೆಯ ವರ್ಷದಲ್ಲಿದ್ದ. ಅವನ ಬ್ಯಾಟಿಂಗು ಅಷ್ಟಕ್ಕಷ್ಟೆ, ಆದರೆ ಬೌಂಡರಿಯಿಂದ ಎಸೆದ ಚೆಂಡು ನೇರವಾಗಿ ಕೀಪರನ ಕೈಗೆ ಬಂದು ಕೂರುತ್ತಿತ್ತು. ಅದನ್ನು ಕಂಡ ಸ್ನೇಹಿತನೊಬ್ಬ ಅವನನ್ನು ಅಮೆರಿಕದ ಆಟ ಆಡುವ ಒಂದು ಸಣ್ಣ ಕ್ಲಬ್ಬಿಗೆ ಕರೆದುಕೊಂಡು ಹೋದ. ಆರು ತಿಂಗಳಾಗುವಷ್ಟರಲ್ಲಿ ಅವನು ಅಲ್ಲಿ ಕ್ವಾರ್ಟರ್‌ಬ್ಯಾಕ್.

ಹಾಗೆಂದರೇನು ಎಂದು ಅವನನ್ನು ಎಷ್ಟು ಸಲ ಕೇಳಿದೆನೋ. ಕೊನೆಗೆ ಇಷ್ಟು ಅರ್ಥವಾಯಿತು: ತಂಡದ ಹನ್ನೊಂದು ಜನರಲ್ಲಿ ಚೆಂಡು ಮೊದಲು ಬರುವುದು ಅವನ ಕೈಗೆ. ದೂರ ಎಸೆಯಬೇಕೋ, ಪಕ್ಕದವನಿಗೆ ದಾಟಿಸಬೇಕೋ, ತಾನೇ ಹಿಡಿದುಕೊಂಡು ಓಡಬೇಕೋ ಎನ್ನುವುದನ್ನು ಅವನೇ ತೀರ್ಮಾನಿಸಬೇಕು. ಅಷ್ಟರೊಳಗೆ ಎದುರು ಪಕ್ಷದ ದಾಂಡಿಗರು ಬಂದು ಅವನ ಮೇಲೆ ಬೀಳುತ್ತಾರೆ. ಬೀಳುವುದು ತಪ್ಪಲ್ಲವೇ ಎಂದೆ. ಅದೇ ಆಟ ಎಂದ.

ಆ ವರ್ಷ ಅಮೆರಿಕದ ಬೇಸಿಗೆ ರಜೆಯಲ್ಲಿ ಅಲ್ಲಿನ ಒಂದು ಕಾಲೇಜಿನ ಕೋಚ್ ಇಲ್ಲಿನ ಹುಡುಗರಿಗೆ ತರಬೇತಿ ಕೊಡಲು ಸಿಡ್ನಿಗೆ ಬಂದಿದ್ದರು. ಮಗ ಎಸೆಯುವುದನ್ನು ನೋಡಿ ನಮ್ಮ ಮನೆಗೇ ಬಂದುಬಿಟ್ಟರು. ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಂಥ ಆಳು. ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಆಮೇಲೆ ಬ್ಯಾಗಿನಿಂದ ಒಂದು ಪುಸ್ತಿಕೆ ತೆಗೆದು ಟೀಪಾಯಿಯ ಮೇಲೆ ಇಟ್ಟರು. ಅದರ ತುಂಬ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಗುವ ಹುಡುಗರ ಫೋಟೋಗಳು. ಎಲ್ಲರೂ ಆ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದು ಆಮೇಲೆ ದೊಡ್ಡ ದೊಡ್ಡ ತಂಡಗಳಲ್ಲಿ ಅದನ್ನೇ ವೃತ್ತಿ ಮಾಡಿಕೊಂಡವರು. ಬೇರೆ ಕಾಲೇಜುಗಳಿಗೆ ಇಂಥ ದಾಖಲೆ ಇಲ್ಲ ಎಂದರು ಕೋಚ್.

ನಮ್ಮವರ ಮುಖ ಅರಳಿದ್ದು ಆಗಲೇ. ಅವರಿಗೆ ಆಟ ತಿಳಿಯದಿದ್ದರೂ ಪುಸ್ತಿಕೆ ತಿಳಿಯಿತು. ನಮ್ಮ ಕಾಲದ ಮೈಸೂರಿನಲ್ಲಿ ಬೆಳೆದವರಿಗೆ ಕಾಲೇಜು ಎಂದರೆ ರಿಸಲ್ಟು. ಟ್ಯುಟೋರಿಯಲ್‌ಗಳವರು ರ್‍ಯಾಂಕ್ ಬಂದವರ ಫೋಟೋಗಳನ್ನು ಪೇಪರಿನಲ್ಲಿ ಸಾಲಾಗಿ ಹಾಕಿಸುತ್ತಿದ್ದರು, ಅದನ್ನು ನೋಡಿ ಅಪ್ಪಂದಿರು ಮಕ್ಕಳ ಕೈ ಹಿಡಿದು ಅಲ್ಲಿಗೆ ಓಡುತ್ತಿದ್ದರು. ನಮ್ಮವರು ಪುಸ್ತಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕನ್ನಡಕ ಸರಿ ಮಾಡಿಕೊಂಡು, ಬಹಳ ಗಂಭೀರವಾಗಿ ಇಂಗ್ಲಿಷಿನಲ್ಲಿ ಕೇಳಿದರು: ಈ ಕ್ವಾರ್ಟರ್‌ಬ್ಯಾಕ್ ಬ್ರಾಂಚಿಗೆ ವರ್ಷಕ್ಕೆ ಎಷ್ಟು ಸೀಟು?

ಮಗ ಸೋಫಾದ ದಿಂಬಿನಲ್ಲಿ ಮುಖ ಮುಚ್ಚಿಕೊಂಡ. ಕೋಚ್‌ಗೆ ಸೀಟು ಎಂದರೆ ಸ್ಟೇಡಿಯಮ್ಮಿನ ಕುರ್ಚಿಗಳೆಂದು ಅನ್ನಿಸಿರಬೇಕು, ಒಂದು ಭಾರಿ ಸಂಖ್ಯೆ ಹೇಳಿದರು. ಯಜಮಾನರು ಸಂತೋಷದಿಂದ ನನ್ನ ಕಡೆ ನೋಡಿದರು. ಅಷ್ಟು ಹುಡುಗರು ಆ ಬ್ರಾಂಚಿನಲ್ಲಿ ಓದುತ್ತಾರೆಂದು ಅವರು ನಂಬಿಬಿಟ್ಟಿದ್ದರು. ನಾನೇ ಬಿಡಿಸಿ ಕೇಳಬೇಕಾಯಿತು. ಪ್ರತಿ ವರ್ಷ ಈ ಜಾಗಕ್ಕೆಂದು ಇಬ್ಬರೋ ಮೂವರೋ ಬರುತ್ತಾರೆ, ಆದರೆ ಆಡುವವನು ಒಬ್ಬನೇ ಎಂದರು ಕೋಚ್. ವರ್ಷಕ್ಕೆ ಒಬ್ಬನೇ ಎಂದು ಕೇಳಿದೆ. ಅಲ್ಲ, ಒಬ್ಬ ಚೆನ್ನಾಗಿ ಆಡುತ್ತಿದ್ದರೆ ಅವನು ಓದು ಮುಗಿಸಿ ಹೋಗುವವರೆಗೂ ಅವನೇ. ಮಿಕ್ಕವರು? ಕೆಲವರು ಬೇರೆ ಜಾಗಕ್ಕೆ ಹೋಗುತ್ತಾರೆ, ಕೆಲವರು ಬೇರೆ ಕಾಲೇಜಿಗೆ, ಕೆಲವರು ಕಾಯುತ್ತಾರೆ. ಅಷ್ಟು ಹೇಳಿ ಮತ್ತೆ ಫೋಟೋಗಳ ಕಡೆ ಕೈ ತೋರಿಸಿದರು.

ಕಾಯುವವರ ಫೋಟೋ ಎಲ್ಲಿದೆ ಎಂದು ಕೇಳಬೇಕೆನ್ನಿಸಿತು. ಮನೆಗೆ ಬಂದವರ ಹತ್ತಿರ ಜಗಳ ಯಾಕೆಂದು ಸುಮ್ಮನಾದೆ. ಓದಿನ ಖರ್ಚು ಕಾಲೇಜಿನದೇ, ಎರಡು ತಿಂಗಳಲ್ಲಿ ತಿಳಿಸಿ ಎಂದು ಹೇಳಿ ಅವರು ಹೊರಟರು.

ಇತ್ತ ಮೆಲ್ಬರ್ನ್‌ನ ಯೂನಿವರ್ಸಿಟಿಯಲ್ಲಿ ಮಗನಿಗೆ ಇಂಜಿನಿಯರಿಂಗ್ ಸಿಗುವುದು ಖಚಿತವಿತ್ತು. ಯಜಮಾನರಿಗೂ ಅಲ್ಲಿಗೇ ವರ್ಗವಾಗುವುದರಲ್ಲಿತ್ತು. ಎಲ್ಲ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಎಂದು ನಾನು ಲೆಕ್ಕ ಹಾಕಿ ಕೂತಿದ್ದೆ. ಮಗನಿಗೆ ಮಾತ್ರ ಆ ಕಾಲೇಜೇ ಬೇಕು. ಅಪ್ಪನಿಗೂ ಅದೇ ಬೇಕು ಎನ್ನುವುದು ನನಗೆ ತಲೆಬುಡ ತಿಳಿಯದ ಸಂಗತಿ. ಸ್ಕೂಲಿನ ಆಟೋಟಕ್ಕೂ ಬಿಡುವಿಲ್ಲ, ಮೊದಲು ಲೆಕ್ಕ ಮಾಡು ಎನ್ನುತ್ತಿದ್ದ ಮನುಷ್ಯ ಆ ಪುಸ್ತಿಕೆ ನೋಡಿದ ಮೇಲೆ ಬೇರೆಯೇ ಆಗಿದ್ದರು. ಗಣೇಶನ ಹಬ್ಬಕ್ಕೆ ಸೇರಿದ್ದ ಹಾಲಿನಲ್ಲಿ ಯಾರೋ ಅಂಕಲ್, ನಿಮ್ಮ ಮಗ ಮುಂದೆ ಏನು ಓದುತ್ತಾನೆ ಎಂದು ಕೇಳಿದರೆ ಇವರು "ಕ್ವಾರ್ಟರ್‌ಬ್ಯಾಕ್" ಎಂದರು. ಆ ಅಂಕಲ್ ಒಳ್ಳೆಯ ಸ್ಕೋಪ್ ಇದೆಯಾ ಎಂದು ಕೇಳಿದರು.

ನನಗೆ ಗೊತ್ತಿದ್ದ ದಾರಿ ಒಂದೇ. ಮನೆಯ ಹೆಣ್ಣಿಗೆ ದೂರದ ಸಂಬಂಧ ಬಂದರೆ ನಮ್ಮಲ್ಲಿ ಜಾತಕಕ್ಕಿಂತ ಮೊದಲು ಮಾಡುವುದು ವಿಚಾರಣೆ. ಆ ಊರಿನಲ್ಲಿ ಗುರುತಿನವರು ಯಾರಿದ್ದಾರೆಂದು ಹುಡುಕಿ, ಹುಡುಗ ಹೇಗೆ, ಮನೆತನ ಹೇಗೆ ಎಂದು ಸದ್ದಿಲ್ಲದೆ ಕೇಳಿಸುತ್ತೇವೆ. ಮೈಸೂರಿನಲ್ಲಿ ನನ್ನ ಜೊತೆ ಓದಿದ್ದ ಗೆಳತಿಯ ನಾದಿನಿ ಅಮೆರಿಕದಲ್ಲಿ ಆ ಕಾಲೇಜಿರುವ ಊರಿನಲ್ಲೇ ಇದ್ದಾರೆ ಎನ್ನುವುದು ಪತ್ತೆಯಾಯಿತು. ಅವರ ಗಂಡ ಆ ಕಾಲೇಜಿನಲ್ಲೇ ಕೆಮಿಸ್ಟ್ರಿ ಪ್ರೊಫೆಸರ್. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ವರನ ಕಡೆಯವರ ಬಗ್ಗೆ ಕೇಳಿದ ಹಾಗೆಯೇ ಸುತ್ತಿ ಬಳಸಿ ಕೇಳಿದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೆಟ್ಟ ಸುದ್ದಿ. ಹಾಳಾಗಿ ಹೋದ ಒಬ್ಬ ಹುಡುಗನ ಕಥೆ ಸಿಕ್ಕಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಫೋಟೋದಲ್ಲಿರೋರು ಯಾರೂ ಈ ಊರಲ್ಲಿ ಇಲ್ಲ ಕಣ್ರೀ," ಎಂದರು ಆಕೆ. "ಅವರನ್ನ ನಾವೂ ಟಿವಿಯಲ್ಲೇ ನೋಡೋದು. ಇಲ್ಲಿರೋದು ಆಗದೆ ಉಳಿದೋರು. ನಮ್ಮ ಬೀದಿಯಲ್ಲೇ ಒಬ್ಬ ಇದ್ದಾನೆ. ಅಷ್ಟು ವರ್ಷ ಬೆಂಚ್ ಮೇಲೆ ಕೂತ, ಒಂದೇ ಒಂದು ಆಟ ಆಡಿದ. ಈಗ ಯಾವುದೋ ಇನ್ಶೂರೆನ್ಸ್ ಆಫೀಸಲ್ಲಿದ್ದಾನೆ."

ಪಾಪ, ನೊಂದುಕೊಂಡಿದ್ದಾನಾ ಎಂದು ಆಸೆಯಿಂದ ಕೇಳಿದೆ.

"ಅದೇ ನೋಡಿ ತಮಾಷೆ. ಚೆನ್ನಾಗೇ ಇದ್ದಾನೆ. ಆ ಒಂದು ಆಟದ ಕಥೇನ ಎಷ್ಟು ಸಲ ಹೇಳಿದ್ರೂ ಅವನಿಗೆ ಸಾಕಾಗಲ್ಲ."

ಫೋನ್ ಇಟ್ಟೆ. ವಿಚಾರಣೆಯಲ್ಲಿ ಒಳ್ಳೆಯದು ಬಂದರೆ ಹೂಂ ಎನ್ನಬಹುದು, ಕೆಟ್ಟದ್ದು ಬಂದರೆ ಒಲ್ಲೆ ಎನ್ನಬಹುದು. ಸೋತು ಚೆನ್ನಾಗಿರುವವನನ್ನು ಇಟ್ಟುಕೊಂಡು ಏನು ಮಾಡುವುದು? ಆದರೂ ಮಗನನ್ನು ಕರೆದು ಹೇಳಿದೆ, ಸ್ವಲ್ಪ ಹೆದರಿಸುವ ಧ್ವನಿಯಲ್ಲೇ. ನೋಡು, ಫೋಟೋದವರನ್ನು ನಂಬಿಕೊಂಡು ಹೋಗಬೇಡ, ಕೊನೆಗೆ ಆಗುವುದು ಇಷ್ಟೇ.

ಅವನು ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು. ಅವತ್ತು ಕಷ್ಟಪಟ್ಟು ಕನ್ನಡದಲ್ಲಿ ಮಾತಾಡಿದ. "ಅಮ್ಮಾ, ಅವನು ಒಂದು ಗೇಮ್ ಆಡಿದ್ನಲ್ಲ? ನಂಗೆ ಅಷ್ಟು ಸಾಕು. ಫೋಟೋ ನಂಗೆ ಬರಲ್ಲ, ಐ ನೋ. ಅಪ್ಪಂಗೆ ಹೇಳ್ಬೇಡ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆಗುವುದಿಲ್ಲ ಎಂದು ಗೊತ್ತಿದ್ದೂ ಯಾರಾದರೂ ಅಷ್ಟು ದೂರ ಹೋಗುತ್ತಾರೆಯೇ? ಅಪ್ಪನಿಗೆ ಫೋಟೋದ ಆಸೆ, ಮಗನಿಗೆ ಒಂದು ಆಟದ ಆಸೆ, ಇವರಿಬ್ಬರ ನಡುವೆ ನನಗೆ ಮಗ ಮನೆಯಲ್ಲಿ ಇರಲಿ ಎನ್ನುವ ಆಸೆ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆ ಆಗಲಿಲ್ಲ. ಅವನು ಹೋದ. ನಾವಿಬ್ಬರೂ ಸಾಮಾನು ಕಟ್ಟಿಕೊಂಡು ಮೆಲ್ಬರ್ನ್‌ಗೆ ಬಂದೆವು.

ಮೆಲ್ಬರ್ನ್‌ನ ಚಳಿಗೆ ಒಗ್ಗಿಕೊಂಡೆ, ಅಲ್ಲಿನ ಫುಟ್‌ಬಾಲಿಗೆ ಒಗ್ಗಲಿಲ್ಲ. ಮಗ ಅಮೆರಿಕದ ಆ ಕಾಲೇಜು ಸೇರಿದ ವರ್ಷವೇ ಅವನಿಗಿಂತ ಚುರುಕಾದ ಹುಡುಗನೊಬ್ಬ ಬಂದಿದ್ದ, ಆ ಜಾಗ ಅವನಿಗೇ ಸಿಕ್ಕಿತು. ಪ್ರತಿ ವಾರ ಫೋನಿನಲ್ಲಿ ಆಡಿದೆಯಾ ಎಂದು ಕೇಳುತ್ತಿದ್ದೆ. "ನಾಟ್ ಯೆಟ್, ಅಮ್ಮಾ" ಎನ್ನುತ್ತಿದ್ದ. ಯಜಮಾನರು ಮಾತ್ರ ಸಿಕ್ಕವರಿಗೆಲ್ಲ ಆ ಕಾಲೇಜಿನ ದಾಖಲೆ ಹೇಳುತ್ತಲೇ ಇದ್ದರು. ಸೀನಿಯಾರಿಟಿ ಪ್ರಕಾರ ಮುಂದಿನ ವರ್ಷ ಇವನದೇ ಎನ್ನುತ್ತಿದ್ದರು, ಮೈಸೂರಿನ ಆಫೀಸಿನಲ್ಲಿ ಪ್ರಮೋಷನ್ ಬಗ್ಗೆ ಹೇಳುವ ಹಾಗೆ. ಮಗ ಹೇಳಬೇಡ ಎಂದಿದ್ದ ಮಾತನ್ನು ನಾನು ಅವರಿಗೆ ಹೇಳಲಿಲ್ಲ.

ಕೊನೆಯ ವರ್ಷ ಒಂದು ದಿನ ಫೋನಿನಲ್ಲಿ ಅವನ ಧ್ವನಿಯೇ ಬೇರೆ ಇತ್ತು. ಆಡಿದೆ, ಕ್ಯಾಸೆಟ್ ಕಳಿಸಿದ್ದೇನೆ, ನೋಡಿ ಎಂದ. ಹೇಗೆ ಆಡಿದೆ ಎಂದರೆ ಹೇಳಲೇ ಇಲ್ಲ.

ಕ್ಯಾಸೆಟ್ ಬಂತು. ನಮ್ಮ ವಿಸಿಆರ್‌ಗೆ ಹಾಕಿದರೆ ಬರೀ ಕಪ್ಪು ಬಿಳಿ ಪಟ್ಟೆಗಳು ಉರುಳಿದವು. ಅಮೆರಿಕದ ಕ್ಯಾಸೆಟ್ ಇಲ್ಲಿನ ಮೆಷಿನ್ನಿನಲ್ಲಿ ಓಡುವುದಿಲ್ಲವಂತೆ. ಎಲ್ಲ ದೇಶದ ಕ್ಯಾಸೆಟ್ಟೂ ಓಡುವಂಥ ವಿಸಿಆರ್ ನಮ್ಮ ಕನ್ನಡದವರಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು. ಅವರು ರಿಟೈರ್ ಆಗಿದ್ದ ಡಾಕ್ಟರು, ಊರಿಗೆ ಹೋಗಿ ಬರುವಾಗ ಸಿಂಗಪುರದಲ್ಲಿ ಕೊಂಡಿದ್ದರು. ಯಜಮಾನರು ಅವರಿಗೆ ಫೋನ್ ಮಾಡಿದ್ದಲ್ಲದೆ ಇನ್ನೂ ನಾಲ್ಕು ಮನೆಯವರನ್ನು ಕರೆದರು. ಬೇಡ ಎಂದೆ, ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಡಾಕ್ಟರ ಹಾಲಿನಲ್ಲಿ ಅಂಕಲ್ ಆಂಟಿಯರೆಲ್ಲ ಪುಳಿಯೋಗರೆ ತಟ್ಟೆ ಹಿಡಿದು ಕೂತರು.

ಆಟ ನಡೆಯಿತು. ಎರಡು ಗುಂಪಿನವರು ಬಗ್ಗಿ ನಿಲ್ಲುವುದು, ಒಬ್ಬರ ಮೇಲೊಬ್ಬರು ಬೀಳುವುದು, ಎದ್ದು ಮತ್ತೆ ಬಗ್ಗಿ ನಿಲ್ಲುವುದು. ಯಾರು ಗೆಲ್ಲುತ್ತಿದ್ದಾರೆಂದು ಡಾಕ್ಟರಿಗೂ ತಿಳಿಯಲಿಲ್ಲ. ನಮ್ಮವನ ನಂಬರು ಕಾಣಲೇ ಇಲ್ಲ. "ಈಗ ಬರ್ತಾನೆ ನೋಡಿ," ಎಂದರು ಯಜಮಾನರು. ಕಾಫಿ ಬಂತು. ಮತ್ತೆ "ಈಗ ಬರ್ತಾನೆ" ಎಂದರು. ಅವರ ಧ್ವನಿ ಸಣ್ಣದಾಗುತ್ತಾ ಹೋಯಿತು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಎನ್ನಿಸುತ್ತಿತ್ತು.

ಕೊನೆಗೆ ಬಂದ. ಎಲ್ಲರೂ ಮುಂದಕ್ಕೆ ಬಾಗಿದರು. ಚೆಂಡು ಅವನ ಕೈಗೆ ಬಂತು. ಅವನು ಎಸೆಯಲಿಲ್ಲ, ಓಡಲಿಲ್ಲ, ಯಾರಿಗೂ ಕೊಡಲಿಲ್ಲ. ಚೆಂಡನ್ನು ಎದೆಗೆ ಅವಚಿಕೊಂಡು ಒಂದು ಮಂಡಿ ನೆಲಕ್ಕೆ ಊರಿದ. ಎದ್ದು ನಿಂತ. ಮತ್ತೆ ಚೆಂಡು ಬಂತು, ಮತ್ತೆ ಮಂಡಿ ಊರಿದ. ಅಷ್ಟೇ, ಆಟ ಮುಗಿಯಿತು.

ಡಾಕ್ಟರ ಹೆಂಡತಿ ಮೆಲ್ಲಗೆ ನನ್ನನ್ನು ಪೆಟ್ಟಾಯ್ತಾ ಎಂದು ಕೇಳಿದರು. ದೇವರಿಗೆ ನಮಸ್ಕಾರ ಮಾಡಿದ್ದಿರಬೇಕು ಎಂದು ಒಬ್ಬರು ಆಂಟಿ. ಹೆದರಿಕೊಂಡನೇನೋ ಎಂದು ಯಾರೋ ಹಿಂದಿನಿಂದ. ನಮ್ಮವರು ಕ್ಯಾಸೆಟ್ ತೆಗೆದುಕೊಂಡು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಮನೆಗೆ ಬಂದು ಆ ಹಳೆಯ ಪುಸ್ತಿಕೆಯನ್ನು ಕಪಾಟಿನಿಂದ ತೆಗೆದು ರದ್ದಿ ಪೇಪರಿನ ರಾಶಿಗೆ ಹಾಕಿದ್ದನ್ನು ನಾನು ನೋಡಿದೆ. ಅವರ ಮೇಲೆ ನನಗೆ ಅಷ್ಟು ಕನಿಕರ ಹಿಂದೆಂದೂ ಬಂದಿರಲಿಲ್ಲ.

ಮಗನಿಗೆ ಫೋನ್ ಮಾಡಿದೆ. ಯಜಮಾನರು ಒಳಗಿನ ಫೋನ್ ಎತ್ತಿಕೊಂಡು ಕೇಳುತ್ತಿದ್ದರು, ಅವರ ಉಸಿರು ನನಗೆ ಕೇಳಿಸುತ್ತಿತ್ತು. ಯಾಕಪ್ಪಾ ಹಾಗೆ ಕೂತುಬಿಟ್ಟೆ ಎಂದು ಕೇಳಿದೆ.

ಅವನು ನಕ್ಕ. "ಗೆದ್ದಾಗಿತ್ತು ಅಮ್ಮಾ. ಮಂಡಿ ಊರಿದ್ರೆ ಯಾರೂ ಚೆಂಡು ಕಿತ್ಕೊಳ್ಳೋ ಹಾಗಿಲ್ಲ. ಟೈಮ್ ಮುಗಿಯೋವರೆಗೂ ಅದನ್ನ ಬಿಡಬಾರದು, ಅಷ್ಟೇ ಕೆಲಸ. ಕೈ ಬಿಡಲ್ಲ ಅಂತ ಯಾರ ಮೇಲೆ ಟ್ರಸ್ಟ್ ಇದೆಯೋ ಅವರಿಗೆ ಕೊಡ್ತಾರೆ. ಕೋಚ್ ನನ್ನ ಹೆಸರು ಕರೆದ್ರು."

ಇದೇ ಏನೋ ನೀನು ಹೇಳಿದ್ದ ಆ ಒಂದು ಆಟ ಎಂದೆ. ಇದೇ ಎಂದ. ಅವನ ದನಿಯಲ್ಲಿದ್ದ ಸಂತೋಷ ಸುಳ್ಳಲ್ಲ, ಅಷ್ಟು ನನಗೆ ತಿಳಿಯುತ್ತದೆ. ಆದರೆ ನಂಬಿಕೆಯವನಿಗೆ ಕೊಡುತ್ತಾರೆ ಎನ್ನುವ ಮಾತು ಆಟದ ನಿಯಮವೋ, ಅಪ್ಪ ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿದ್ದು ಹೇಳಿದ್ದೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆಟ ಬಲ್ಲವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಾರನೆಯ ವಾರ ಯಜಮಾನರು ಒಬ್ಬರೇ ಕ್ಯಾಸೆಟ್ಟನ್ನೂ ಕ್ಯಾಮೆರಾವನ್ನೂ ಹಿಡಿದು ಡಾಕ್ಟರ ಮನೆಗೆ ಹೋದರು. ಮಗ ಮಂಡಿ ಊರಿದ ಜಾಗದಲ್ಲಿ ಟೇಪನ್ನು ನಿಲ್ಲಿಸಿ ಟಿವಿಯ ಫೋಟೋ ಹೊಡೆದರು. ಮಂಕಾಗಿ ಬಂದಿದೆ, ನಡುವೆ ಒಂದು ಬಿಳಿ ಗೆರೆ ಬೇರೆ. ಅದನ್ನೇ ಫ್ರೇಮ್ ಹಾಕಿಸಿ ಶೋಕೇಸಿನಲ್ಲಿ ಇಟ್ಟರು. ಮನೆಗೆ ಬಂದವರು ಇದೇನು, ನಿಮ್ಮ ಮಗ ಬಿದ್ದುಬಿಟ್ಟಿದ್ದಾನಲ್ಲ ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳುತ್ತಾರೆ: "ಬಿದ್ದಿಲ್ಲ. ಹಿಡ್ಕೊಂಡಿದ್ದಾನೆ."